ನೂರಕ್ಕೆ ಐದು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದೆ: ದೂರು ಓದುವುದು. ಕೇಳಿದವರು “ಅಷ್ಟೇನಾ?” ಅನ್ನುತ್ತಿದ್ದರು. ಅಷ್ಟೇ ಅಂತೆ! ಆಸ್ಪತ್ರೆಯಲ್ಲಿ ರೋಗಿಯ ಮಂಚದ ಪಕ್ಕ ಒಂದು ಕಂಬಕ್ಕೆ ಸಿಕ್ಕಿಸಿರುತ್ತಾರಲ್ಲ, ಔಷಧಿಯನ್ನು ಹನಿಹನಿಯಾಗಿ ಮೈಯೊಳಗೆ ಬಿಡುವ ಪುಟ್ಟ ಪಂಪು, ಅದರೊಳಗೆ ಓಡುವ ಸಾಫ್ಟ್‌ವೇರ್ ನಮ್ಮ ಕಂಪನಿಯದು. ಅದು ಹಟ ಮಾಡಿದಾಗ ನರ್ಸುಗಳು ಅಲ್ಲೇ ನಿಂತು ಒಂದೆರಡು ಸಾಲು ಟೈಪ್ ಮಾಡಿ ಕಳಿಸುತ್ತಾರೆ. ಆ ಸಾಲುಗಳು ನನ್ನ ಪರದೆಗೆ ಬರುತ್ತವೆ. ನಾನು ಓದಿ ಮೂರರಲ್ಲಿ ಒಂದು ಗುಂಡಿ ಒತ್ತಬೇಕು: ‘ಈಗಲೇ’, ‘ಕಾಯಲಿ’, ‘ಏನಿಲ್ಲ’. ‘ಈಗಲೇ’ ಒತ್ತಿದೆನೆಂದರೆ ದುರಸ್ತಿಯ ಇಂಜಿನಿಯರ್ ಊಟಕ್ಕೆ ಕೂತಿದ್ದರೂ ಕೈ ತೊಳೆದು ಏಳಬೇಕು. ಹದಿನೆಂಟು ವರ್ಷ ಒತ್ತಿದ್ದೇನೆ. ಎಬ್ಬಿಸಬೇಕಾದಾಗ ಎಬ್ಬಿಸದೆ ಬಿಟ್ಟದ್ದು ಒಂದು ಸಲವೂ ಇರಲಿಲ್ಲ.

ನನ್ನದು ಜೋರು ಬಾಯಿ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಉದ್ದನೆಯ ಮೇಜಿನ ಸುತ್ತ ಒಂದು ಕಾಲಕ್ಕೆ ಹತ್ತು ಜನ ಕೂರುತ್ತಿದ್ದೆವು. ಅಷ್ಟು ಜನರ ಗಲಾಟೆಯಲ್ಲೂ ನನ್ನ ದನಿ ಲಿಫ್ಟಿನವರೆಗೆ ಕೇಳುತ್ತದೆಂದು ಉಳಿದವರು ಆಡಿಕೊಳ್ಳುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಹೋದರು. ಮೊದಲು ಹೋದವರಿಗೆ ಕೇಕು ಕತ್ತರಿಸಿದರು, ನಡುವೆ ಹೋದವರಿಗೆ ಬರೀ ಕಾಗದ ಕೊಟ್ಟರು, ಕೊನೆಯ ನಾಲ್ವರು ಬೆಳಿಗ್ಗೆ ಬಂದು ನೋಡಿದರೆ ಬಾಗಿಲು ತೆರೆಯುವ ಕಾರ್ಡೇ ಕೆಲಸ ಮಾಡಲಿಲ್ಲ. ಉಳಿದವಳು ನಾನೊಬ್ಬಳು. ಖಾಲಿ ಕುರ್ಚಿಗಳನ್ನು ಯಾರೂ ತೆಗೆದುಕೊಂಡು ಹೋಗಿರಲಿಲ್ಲ. ಒಂದರ ಮೇಲೆ ಊಟದ ಡಬ್ಬಿ, ಒಂದರ ಮೇಲೆ ಕೊಡೆ, ಇನ್ನೊಂದರ ಮೇಲೆ ಸ್ವೆಟರ್ ಇಟ್ಟುಕೊಂಡು ಅಷ್ಟೂ ಜಾಗವನ್ನು ಒಬ್ಬಳೇ ಆಳುತ್ತಿದ್ದೆ.

ಮನೆಯಲ್ಲಿ ನಾವು ಮೂವರು: ಅತ್ತೆ, ಗಂಡ, ನಾನು. ಗಂಡನದೂ ಹೆಚ್ಚುಕಡಿಮೆ ಇದೇ ಕಸುಬು. ಬ್ಯಾಂಕ್ ಖಾತೆಗಳಿಗೆ ಕಳ್ಳರು ಕನ್ನ ಹಾಕುತ್ತಿದ್ದಾರೆಯೇ ಎಂದು ಕಂಪ್ಯೂಟರಿನ ಮುಂದೆ ಕೂತು ಕಣ್ಣಿಡುವ ಕೆಲಸ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಮನೆಗೆ ಬಂದರು. “ಪ್ರಾಜೆಕ್ಟ್ ಮುಚ್ಚಿದ್ರು,” ಅಂದರು, ಅಷ್ಟೇ. ಅವರು ಸುಮ್ಮನಾದರೆ ನಾನು ಸುಮ್ಮನಿರುವವಳೇ? ಆ ಕಂಪನಿಯ ಜನ್ಮ ಜಾಲಾಡಿಬಿಟ್ಟೆ. ನೆಂಟರ ಮನೆ, ತರಕಾರಿ ಅಂಗಡಿ, ಡಾಕ್ಟರ ಹತ್ತಿರ ಕಾಯುವ ಬೆಂಚು, ಎಲ್ಲಿ ಹೋದರೂ ನನ್ನದು ಅದೇ ಪುರಾಣ: “ಹದಿನಾರು ವರ್ಷ ಒಂದೇ ಒಂದು ತಪ್ಪು ಮಾಡದ ಮನುಷ್ಯನನ್ನ ಹೊರಗೆ ಹಾಕಿದ್ರು ನೋಡಿ!” ಅವರು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿರುತ್ತಿದ್ದರು. ಪಾಪ, ಸಂಕೋಚ ಎಂದುಕೊಂಡಿದ್ದೆ.

ಆಮೇಲೆ ಅವರು ಹಾಕಿದ ಅರ್ಜಿಗಳಿಗೆ ಲೆಕ್ಕವಿಲ್ಲ. ಈಗ ಅರ್ಜಿ ಓದುವುದೂ ಯಂತ್ರವೇ. ಕಳಿಸಿ ನಾಲ್ಕು ನಿಮಿಷಕ್ಕೆ ‘ನಿಮ್ಮ ಆಸಕ್ತಿಗೆ ಧನ್ಯವಾದ’ ಎಂದು ಬಂದುಬಿಡುತ್ತದೆ. ನೀರು ಕುಡಿದು ಬರುವುದರೊಳಗೆ ಆಸೆ ಮುಗಿದಿರುತ್ತದೆ. ಮೊದಮೊದಲು ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದರು. ಬರುಬರುತ್ತಾ ಮಾತೇ ನಿಂತಿತು. ಅಡುಗೆ ಮಾಡುತ್ತಾರೆ, ಬಟ್ಟೆ ಮಡಚುತ್ತಾರೆ, ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಏನಾದರೂ ಕೇಳಿದರೆ ‘ಹ್ಞೂಂ’, ‘ಉಹ್ಞೂಂ’, ಮುಗಿಯಿತು. ಹೀಗಾಗಿ ಮನೆಯ ಬಾಡಿಗೆಯಿಂದ ಹಿಡಿದು ಅತ್ತೆಯ ಮಾತ್ರೆಯವರೆಗೆ ಎಲ್ಲವೂ ನನ್ನ ಕುರ್ಚಿಯ ಮೇಲೆ ನಿಂತಿತ್ತು. ಹೋದ ವರ್ಷ ಅತ್ತೆ ಎದೆ ಹಿಡಿದುಕೊಂಡು ಕುಸಿದಾಗ ಆಸ್ಪತ್ರೆಯ ಕಿಟಕಿಯಲ್ಲಿ ಮೊದಲು ಕೇಳಿದ್ದು ನನ್ನ ಕಂಪನಿಯ ವಿಮೆಯ ಕಾರ್ಡನ್ನು. ಕಾರ್ಡ್ ತೋರಿಸಿದ ಮೇಲೆಯೇ ಸ್ಟ್ರೆಚರ್ ಒಳಗೆ ಹೋಯಿತು. ಆ ಕುರ್ಚಿ ಹೋದರೆ ಕಾರ್ಡೂ ಹೋಗುತ್ತದೆ, ಇನ್ನೊಂದು ಸಲ ಅತ್ತೆ ಕುಸಿದರೆ ತೋರಿಸಲು ಏನೂ ಇರುವುದಿಲ್ಲ. ದಿನಾ ಬೆಳಿಗ್ಗೆ ಆಫೀಸಿನ ಮೆಟ್ಟಿಲು ಹತ್ತುವಾಗ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

ನನ್ನ ಮೇಲಧಿಕಾರಿಯನ್ನು ನಾನು ಮರಿಸಾಹೇಬ ಎಂದು ಕರೆಯುತ್ತೇನೆ, ಅದೂ ಎದುರಿಗೇ. ಹನ್ನೊಂದು ವರ್ಷದ ಹಿಂದೆ ನನ್ನ ಪಕ್ಕದಲ್ಲಿ ಕೂತು ದೂರು ಓದುವುದನ್ನು ನನ್ನಿಂದಲೇ ಕಲಿತವನು. ಈಗಲೂ ನನ್ನನ್ನು ಅಕ್ಕ ಅನ್ನುತ್ತಾನೆ. ಮೂರು ತಿಂಗಳ ಹಿಂದೆ ಒಂದು ದಿನ ಬಂದವನೇ ನನ್ನ ಸ್ವೆಟರನ್ನು ಎತ್ತಿ ಪಕ್ಕಕ್ಕಿಟ್ಟು ಕೂತ.

“ಅಕ್ಕ, ಒಂದು ಯಂತ್ರ ಬರ್ತಿದೆ. ನಿಮ್ಮ ಜೊತೆ ಅದೂ ದೂರು ಓದುತ್ತೆ. ನೀವು ಗುಂಡಿ ಒತ್ತಿದ ಮೇಲೆ ಅದು ತನ್ನ ಉತ್ತರ ತೋರಿಸುತ್ತೆ. ನೀವು ಯಾಕೆ ಹಾಗೆ ಒತ್ತಿದ್ರಿ ಅಂತ ಎರಡು ಸಾಲು ಬರೀಬೇಕು. ಅಷ್ಟೇ.”

“ಬರೆದೂ ಬರೆದೂ ಅದಕ್ಕೆ ಬುದ್ಧಿ ಬಂತು ಅಂತಿಟ್ಕೋ. ಆಮೇಲೆ ನಾನೇನು ಮಾಡ್ಲಿ? ಪಕ್ಕದಲ್ಲಿ ಕೂತು ಅದಕ್ಕೆ ಗಾಳಿ ಬೀಸ್ಲಾ?”

ಅವನು ನಗಲಿಲ್ಲ. “ಕೊನೇ ಮಾತು ನಿಮ್ಮದೇ ಅಕ್ಕ. ನೀವೂ ಅದೂ ನೂರಕ್ಕೆ ತೊಂಬತ್ತೇಳು ಸಲ ಒಂದೇ ಉತ್ತರ ಕೊಡೋವರೆಗೂ.”

“ಕೊಟ್ಟ ಮೇಲೆ?”

“ಆಮೇಲೆ ನೋಡೋಣ.”

ಈ ‘ನೋಡೋಣ’ದ ಅರ್ಥ ನನಗೆ ಗೊತ್ತಿತ್ತು. ಒಂಬತ್ತು ಜನಕ್ಕೂ ಅದನ್ನೇ ಹೇಳಿದ್ದರು.

ಮೊದಲ ವಾರ ಯಂತ್ರದ ಉತ್ತರ ನನ್ನದಕ್ಕೆ ಹೊಂದಿದ್ದು ನೂರಕ್ಕೆ ಎಪ್ಪತ್ತೊಂದು. ಪರದೆಯ ಮೂಲೆಯಲ್ಲಿ ಆ ಅಂಕಿ ನೋಡಿ ನಾನು ಬಾಯ್ತುಂಬ ನಕ್ಕೆ. ಗುಂಡಿಯ ಬಣ್ಣ ಹೋಗಿದೆ ಎಂಬ ದೂರಿಗೆ ‘ಈಗಲೇ’ ಅನ್ನುತ್ತಿತ್ತು, ಮುಠ್ಠಾಳ. ಆಗ ನನಗೆ ಮೇಷ್ಟರಿಕೆಯ ಹುಚ್ಚು ಹತ್ತಿತು. ಕಾರಣದ ಜಾಗದಲ್ಲಿ ಬರೆದೆ: ‘ನರ್ಸು ಉದ್ದಕ್ಕೆ ಬರೆದಿದ್ದರೆ ಅವಳ ಕೈಗೆ ಬಿಡುವಿದೆ. ನಾಲ್ಕೇ ಪದ ಬರೆದಿದ್ದರೆ ಅವಳ ಇನ್ನೊಂದು ಕೈ ರೋಗಿಯ ಮೇಲಿದೆ.’ ಹದಿನೆಂಟು ವರ್ಷದಲ್ಲಿ ನಾನು ಕಂಡುಕೊಂಡ ಗುಟ್ಟು ಅದು. ಯಾರೂ ಕೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ, ಮರಿಸಾಹೇಬನಿಗೂ. ಬರೆದು ಮುಗಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮುಂದಿನ ಸೋಮವಾರ ಅಂಕಿ ಎಂಬತ್ತೆಂಟಕ್ಕೆ ಏರಿತ್ತು. ಅದರ ಮುಂದಿನ ಸೋಮವಾರ ತೊಂಬತ್ತನಾಲ್ಕು.

ಆಗ ಹೊಳೆಯಿತು: ಯಾರೋ ನನಗೆ ಗುಂಡಿ ತೋಡುತ್ತಿಲ್ಲ, ನಾನೇ ತೋಡಿಕೊಳ್ಳುತ್ತಿದ್ದೇನೆ, ಅದೂ ಚೆಂದದ ಅಕ್ಷರದಲ್ಲಿ. ಅವತ್ತು ಮಧ್ಯಾಹ್ನ ಬಿಚ್ಚಿದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟೆ. ಕೈ ತೊಳೆದು ಬಂದು ಕೂತವಳು ಮೊದಲ ಸುಳ್ಳು ಗುಂಡಿ ಒತ್ತಿದೆ.

ನನಗೂ ನಿಯತ್ತು ಎಂಬುದೊಂದಿತ್ತು. ‘ಈಗಲೇ’ ಅನ್ನಬೇಕಾದ ದೂರನ್ನು ಮುಟ್ಟಲೇಬಾರದು ಎಂದು ನನಗೆ ನಾನೇ ಮಾತು ಕೊಟ್ಟುಕೊಂಡೆ. ಜೀವಕ್ಕೆ ಸಂಬಂಧವಿಲ್ಲದ ಚಿಲ್ಲರೆಗಳಲ್ಲಿ ಮಾತ್ರ: ಸದ್ದು ಜಾಸ್ತಿ, ಬೆಳಕು ಕಮ್ಮಿ, ಸ್ಟಿಕ್ಕರ್ ಕಿತ್ತುಹೋಗಿದೆ. ‘ಕಾಯಲಿ’ ಎಂಬಲ್ಲಿ ‘ಏನಿಲ್ಲ’, ‘ಏನಿಲ್ಲ’ ಎಂಬಲ್ಲಿ ‘ಕಾಯಲಿ’. ನೂರಕ್ಕೆ ಐದು. ಐದಕ್ಕಿಂತ ಹೆಚ್ಚಾದರೆ ಅನುಮಾನ ಬರುತ್ತದೆ, ಕಡಿಮೆಯಾದರೆ ಅಂಕಿ ಇಳಿಯುವುದಿಲ್ಲ. ಸುಳ್ಳು ಹೇಳುವುದು ಕಷ್ಟವಲ್ಲ ಕಣ್ರೀ, ಸುಳ್ಳಿಗೆ ಎರಡು ಸಾಲು ಕಾರಣ ಬರೆಯುವುದು ಕಷ್ಟ. ಸ್ಟಿಕ್ಕರ್ ಯಾಕೆ ಮುಖ್ಯ ಎಂದು ಬರೆಯಲು ಒಂದು ದಿನ ಅರ್ಧ ಗಂಟೆ ತಿಣುಕಿದ್ದೇನೆ.

ಅಂಕಿ ತೊಂಬತ್ತೆರಡಕ್ಕೆ ಇಳಿದು ಅಲ್ಲೇ ಕೂತಿತು. ಒಂದು ತಿಂಗಳಾದರೂ ಅಲುಗಲಿಲ್ಲ. ಮರಿಸಾಹೇಬ ಬಂದು ತಲೆ ಕೆರೆದುಕೊಂಡ. “ಏನೋ ಸಿಕ್ಕಿಹಾಕ್ಕೊಂಡಿದೆ ಅಕ್ಕ, ಮೇಲಿನವರು ಇನ್ನೊಂದು ತಿಂಗಳು ನೋಡಿ ಅಂದಿದ್ದಾರೆ.” ನಾನು ಮುಖ ಸಪ್ಪಗೆ ಮಾಡಿಕೊಂಡು “ಅಯ್ಯೋ ಪಾಪ” ಅಂದೆ. ಸಂಜೆ ಮನೆಗೆ ಹೋಗುವಾಗ ಐಸ್‌ಕ್ರೀಮ್ ಕಟ್ಟಿಸಿಕೊಂಡು ಹೋದೆ.

“ಏನೇ ವಿಶೇಷ?” ಎಂದರು ಅತ್ತೆ.

“ನನ್ನ ಕೆಲಸ ಇನ್ನೊಂದು ತಿಂಗಳು ಗಟ್ಟಿಯಾಯ್ತು ಅತ್ತೆ. ಆ ಯಂತ್ರಕ್ಕೆ ನನ್ನ ಬುದ್ಧಿ ಬರ್ತಾ ಇಲ್ವಂತೆ.”

“ಬರೋದಾದ್ರೂ ಹೇಗೆ? ಇಪ್ಪತ್ತು ವರ್ಷದಿಂದ ಜೊತೆಗಿದ್ದೀನಿ, ನನಗೇ ಬಂದಿಲ್ಲ,” ಎಂದು ಅತ್ತೆ ಚಮಚ ನೆಕ್ಕಿದರು.

ನಾನು ನಕ್ಕೆ. ಗಂಡ ನಗಲಿಲ್ಲ. ಬಟ್ಟಲನ್ನು ಕೈಯಲ್ಲೇ ಹಿಡಿದು ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. “ಜೋಪಾನ,” ಅಂದರು. ಏನು ಜೋಪಾನ, ಯಾಕೆ ಜೋಪಾನ, ಒಂದೂ ಇಲ್ಲ. ಎದ್ದು ಹೋಗಿ ಬಟ್ಟಲು ತೊಳೆದಿಟ್ಟರು.

ಇನ್ನೊಂದು ತಿಂಗಳೂ ಹಾಗೇ ಹೋಯಿತು. ಒಂದು ದೂರು ಬಂತೆಂದರೆ ‘ಇದಕ್ಕೇನು ಉತ್ತರ’ ಎಂದು ಮೊದಲೆಲ್ಲ ಯೋಚಿಸುತ್ತಿದ್ದವಳು, ಈಗ ‘ಇದನ್ನು ತಿರುಚಬಹುದೇ’ ಎಂದು ಮೊದಲು ಯೋಚಿಸುತ್ತಿದ್ದೆ. ಎಷ್ಟು ತಿರುಚಿದೆ, ಇನ್ನೆಷ್ಟು ಬಾಕಿ ಎಂದು ಲೆಕ್ಕ ಇಟ್ಟುಕೊಳ್ಳುವುದರಲ್ಲೇ ಸಂಜೆಯಾಗುತ್ತಿತ್ತು. ಮನೆಗೆ ಬಂದರೆ ಮೈಯೆಲ್ಲ ಹೊಡೆಸಿಕೊಂಡಂತೆ ನೋಯುತ್ತಿತ್ತು. ಮೊದಲಿಗಿಂತ ಹೆಚ್ಚು ಸುಸ್ತು ಯಾಕೆಂದು ನನಗೆ ಹೊಳೆಯಲೇ ಇಲ್ಲ.

ಮೊನ್ನೆ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಮರಿಸಾಹೇಬ ನನ್ನನ್ನು ಗಾಜಿನ ಕೋಣೆಗೆ ಕರೆದ. ಒಳಗೆ ಬೇರೆ ಯಾರೂ ಇರಲಿಲ್ಲ. ಬಾಗಿಲು ಹಾಕಿ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ.

“ಅಕ್ಕ, ಬೇಜಾರು ಮಾಡ್ಕೋಬೇಡಿ. ಅಂಕಿ ಯಾಕೆ ಏರ್ತಿಲ್ಲ ಅಂತ ಮೇಲಿನವರು ಒಂದು ಪರೀಕ್ಷೆ ಮಾಡಿದ್ರು. ಆರು ವಾರದಿಂದ ನಿಮಗೆ ಬರ್ತಿರೋ ದೂರುಗಳಲ್ಲಿ ಹಳೇವನ್ನೂ ಬೆರೆಸಿ ಕಳಿಸ್ತಿದ್ರು. ಆಸ್ಪತ್ರೆ ಹೆಸರು, ತಾರೀಖು ಬದಲಾಯಿಸಿ. ನೀವೇ ಹಿಂದೆ ಉತ್ತರ ಕೊಟ್ಟಿದ್ದ ದೂರುಗಳು.”

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ. ನಾನು ಅವನ ಮುಖ ಬಿಟ್ಟು ಗಾಜಿನ ಕಡೆ ನೋಡಿದೆ.

“ನಿಮ್ಮ ಹಳೇ ಉತ್ತರಕ್ಕೂ ಯಂತ್ರದ ಉತ್ತರಕ್ಕೂ ನೂರಕ್ಕೆ ತೊಂಬತ್ತೆಂಟು ಹೊಂದುತ್ತೆ. ನಿಮ್ಮ ಹಳೇ ಉತ್ತರಕ್ಕೂ ನಿಮ್ಮ ಈಗಿನ ಉತ್ತರಕ್ಕೂ...” ಅವನು ತಡವರಿಸಿದ. “ತೊಂಬತ್ತು ಅಕ್ಕ. ಹತ್ತು ತಪ್ಪಿದೆ.”

ಐದು ಎಂದಿದ್ದರೆ ನನಗೆ ಅರ್ಥವಾಗುತ್ತಿತ್ತು. ಐದು ನನ್ನವು, ಬೇಕೆಂದೇ ಮಾಡಿದವು. ಉಳಿದ ಐದು ಎಲ್ಲಿಂದ ಬಂದವು?

“ತೋರಿಸು,” ಅಂದೆ. ತೋರಿಸಿದ. ಒಂದೊಂದಾಗಿ ನೋಡುತ್ತಾ ಹೋದೆ. ಸ್ಟಿಕ್ಕರ್, ಹೌದು, ನನ್ನದೇ ಕರಾಮತ್ತು. ಸದ್ದು, ಹೌದು. ಮುಂದಿನದು ನೋಡಿದರೆ ನಿಯತ್ತಾಗಿ ಓದಿ, ನಿಯತ್ತಾಗಿ ಒತ್ತಿದ್ದು. ಅದರ ಮುಂದಿನದೂ ಹಾಗೆಯೇ. ಈಗ ಓದಿದರೆ ತಪ್ಪು ಕಣ್ಣಿಗೆ ರಾಚುತ್ತಿತ್ತು. ಒತ್ತುವಾಗ ಕಂಡೇ ಇರಲಿಲ್ಲ.

“ಇವೆಲ್ಲ ಹಳೇವು, ಹೋಗ್ಲಿ ಬಿಡಿ,” ಎಂದು ಅವನು ದನಿ ಇಳಿಸಿದ. “ಇದೊಂದು ಮಾತ್ರ ಹಳೇದಲ್ಲ. ಹೋದ ಮಂಗಳವಾರದ್ದು.”

ಪರದೆಯಲ್ಲಿ ನಾಲ್ಕು ಪದ ಇದ್ದವು: ‘ಪರದೆ ಮಸುಕು, ಮತ್ತೆ ಆಯಿತು.’ ಕೆಳಗೆ ನನ್ನ ಉತ್ತರ, ‘ಕಾಯಲಿ’. ಅದರ ಕೆಳಗೆ ಯಂತ್ರದ ಉತ್ತರ, ‘ಈಗಲೇ’. ಕಾರಣ: ‘ನಾಲ್ಕೇ ಪದ. ಬರೆದವರ ಇನ್ನೊಂದು ಕೈ ರೋಗಿಯ ಮೇಲಿದೆ.’

“ಕೊನೇ ಮಾತು ನಿಮ್ಮದಾಗಿತ್ತಲ್ಲ, ಅದಕ್ಕೇ ಯಾರನ್ನೂ ಎಬ್ಬಿಸಲಿಲ್ಲ. ಆ ನರ್ಸಮ್ಮ ನಲವತ್ತು ನಿಮಿಷ ಗಡಿಯಾರ ನೋಡ್ಕೊಂಡು ಕೈಯಲ್ಲೇ ಹನಿ ಎಣಿಸಿದ್ರಂತೆ.”

“ರೋಗಿ?” ನನ್ನ ದನಿ ನನಗೇ ಕೇಳಿಸಲಿಲ್ಲ.

“ಏನೂ ಆಗಲಿಲ್ಲ. ಆಕೆ ಗಟ್ಟಿಗಿತ್ತಿ.”

ನನಗೆ ಅಳು ಬಂತು. ಕೆಲಸ ಹೋಗುತ್ತದೆಂದು ಬಂದ ಅಳುವಲ್ಲ ಅದು. ಆ ದೂರು ನನಗೆ ನೆನಪಿತ್ತು. ಮಂಗಳವಾರ ಮಧ್ಯಾಹ್ನ, ಐದನೆಯ ಸುಳ್ಳು ಯಾವುದರಲ್ಲಿ ಹೇಳಲಿ ಎಂದು ಹುಡುಕುವಾಗ ಅದು ಬಂತು. ಇದು ಬೇಡ, ಇದಕ್ಕೆ ನಿಜವನ್ನೇ ಒತ್ತೋಣ ಎಂದುಕೊಂಡು ‘ಕಾಯಲಿ’ ಒತ್ತಿದ್ದೆ. ನಿಜ ಎಂದುಕೊಂಡೇ ಒತ್ತಿದ್ದೆ. ಹದಿನೆಂಟು ವರ್ಷದ ಕಣ್ಣನ್ನು ಎರಡು ತಿಂಗಳಲ್ಲಿ ನಾನೇ ಕೈಯಾರೆ ಕಿತ್ತುಕೊಂಡಿದ್ದೆ.

“ವಯಸ್ಸಾಗುತ್ತೆ ಅಕ್ಕ, ಸುಸ್ತಾಗುತ್ತೆ, ಎಲ್ಲರಿಗೂ ಆಗೋದೇ,” ಎಂದ ಮರಿಸಾಹೇಬ. ಆಗಲೇ ಗೊತ್ತಾದದ್ದು, ಅವನಿಗೆ ಅನುಮಾನವೇ ಇಲ್ಲ. ನಾನು ಮೋಸ ಮಾಡಿದ್ದೇನೆಂದು ಅವನ ತಲೆಗೇ ಹೋಗಿಲ್ಲ. ಅಕ್ಕನಿಗೆ ಮಂಕು ಬಡಿದಿದೆ ಎಂದುಕೊಂಡಿದ್ದಾನೆ. ನಾನು ಬಾಯಿ ತೆರೆದೆ. ಬೇಕೆಂದೇ ಮಾಡಿದ್ದು ಎಂದರೆ ಮೋಸಗಾತಿಯಾಗುತ್ತೇನೆ. ಸುಮ್ಮನಿದ್ದರೆ ಮಂಕುದಿಣ್ಣೆಯಾಗುತ್ತೇನೆ. ಬೇಕೆಂದೇ ಮಾಡಿದೆ ಎನ್ನೋಣವೆಂದರೆ ಮಂಗಳವಾರದ್ದು ಬೇಕೆಂದು ಮಾಡಿದ್ದೂ ಅಲ್ಲ. ಲಿಫ್ಟಿನವರೆಗೆ ಕೇಳುವ ನನ್ನ ಬಾಯಿಂದ ಆಗ ಹೊರಟದ್ದು ಬೇರೆಯೇ ಮಾತು.

“ಆರು ತಿಂಗಳು ಕೊಡೋ. ಮೊದಲಿನ ಹಾಗೆ ಓದ್ತೀನಿ. ಅತ್ತೆಗೆ ಹುಷಾರಿಲ್ಲ, ನಮ್ಮನೆಯವರಿಗೂ ಕೆಲಸ ಇಲ್ಲ, ನಿನಗೆ ಎಲ್ಲಾ ಗೊತ್ತಲ್ಲ. ಕೈ ಮುಗೀತೀನಿ ಕಣೋ, ಆರು ತಿಂಗಳು.”

ನಿಜವಾಗಿಯೂ ಕೈ ಮುಗಿದೆ. ಅವನು ಗಾಬರಿಯಾಗಿ ಎದ್ದು ನನ್ನ ಕೈ ಹಿಡಿದು ಕೆಳಗಿಳಿಸಿದ. ಗಾಜಿನಾಚೆ ಯಾರಾದರೂ ನೋಡಿಯಾರು ಎಂದು ಅತ್ತ ಇತ್ತ ಕಣ್ಣಾಡಿಸಿದ. ನೋಡಲು ಅಲ್ಲಿ ಯಾರಿದ್ದರು?

“ನನ್ನ ಕೈಲಿಲ್ಲ ಅಕ್ಕ,” ಎಂದ. ಅವನ ಕಣ್ಣಲ್ಲೂ ನೀರಿತ್ತು. “ಮೇಲಿನವರು ಹೇಳ್ತಾರೆ, ಯಂತ್ರದಲ್ಲಿ ನಿಮ್ಮ ಹದಿನೆಂಟು ವರ್ಷ ಇದೆ. ಅದಕ್ಕೆ ಆ ಹಳೇ ನೀವೇ ಸಾಕಂತೆ.”

ಇಪ್ಪತ್ತು ನಿಮಿಷದಲ್ಲಿ ರಸ್ತೆಯಲ್ಲಿದ್ದೆ. ಡಬ್ಬಿ, ಕೊಡೆ, ಸ್ವೆಟರ್. ಬಾಗಿಲು ತೆರೆಯುವ ಕಾರ್ಡನ್ನು ಹೊರಗೆ ಬರುವಾಗಲೇ ತೆಗೆದುಕೊಂಡರು. ವಿಮೆ ತಿಂಗಳ ಕೊನೆಯವರೆಗೆ ಇರುತ್ತದೆ ಎಂದು ಕಾಗದದಲ್ಲಿ ಬರೆದಿತ್ತು. ತಿಂಗಳು ಮುಗಿಯಲು ಇನ್ನು ಒಂಬತ್ತು ದಿನ. ಬಸ್ಸು ಹತ್ತಲಿಲ್ಲ. ಅಷ್ಟು ದೂರವೂ ನಡೆದೆ. ನಡೆಯುತ್ತಾ ಅತ್ತೆಯ ಎದೆಗೆ ಬೇಡಿಕೊಂಡೆ, ಒಂಬತ್ತು ದಿನದೊಳಗೆ ಏನಾದರೂ ಆಗುವುದಿದ್ದರೆ ಆಗಿಬಿಡಲಿ ಎಂದು. ಬೇಡಿಕೊಂಡ ಮೇಲೆ ನನ್ನ ಮೇಲೆ ನನಗೇ ಅಸಹ್ಯವಾಗಿ ಒಂದು ಗೋಡೆ ಹಿಡಿದು ನಿಂತೆ.

ಮನೆಯಲ್ಲಿ ಅತ್ತೆ ಮಲಗಿದ್ದರು. ಗಂಡ ಒಳಕೋಣೆಯಲ್ಲಿ ನೆಲದ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದರು. ಈ ಹೊತ್ತಿನಲ್ಲಿ ನನ್ನನ್ನು ಕಂಡು ಕೈ ನಿಲ್ಲಿಸಿದರು. ನಾನು ಬಾಗಿಲು ಮುಂದೆ ಮಾಡಿ ಮಂಚದ ಮೇಲೆ ಕೂತೆ.

“ಕಳಿಸಿಬಿಟ್ರು,” ಅಂದೆ.

ಯಾಕೆ, ಏನು, ಯಾರು ಎಂದು ಕೇಳುತ್ತಾರೆಂದುಕೊಂಡೆ. ಅವರು ಕೈಯಲ್ಲಿದ್ದ ಟವೆಲನ್ನು ನಾಲ್ಕು ಮಡಿಕೆ ಮಾಡಿ ಬದಿಗಿಟ್ಟರು. ಆಮೇಲೆ, ಬಟ್ಟೆಯ ಕಡೆ ನೋಡುತ್ತಲೇ ಕೇಳಿದರು: “ನೂರಕ್ಕೆ ಎಷ್ಟು ಬದಲಾಯಿಸಿದೆ?”

“ಐದು,” ಎಂದು ಬಾಯಿಂದ ಬಂದೇಬಿಟ್ಟಿತು. ಆಮೇಲೆ ಬೆಚ್ಚಿದೆ. “ನಿಮಗೆ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ನಾನು ಆರು ಬದಲಾಯಿಸಿದ್ದೆ.”

ನಾನು ಮಂಚದಿಂದ ಎದ್ದು ನಿಂತೆ.

“ಹಳೇದನ್ನ ಬೆರೆಸಿ ಕೊಟ್ಟಿದ್ರು ತಾನೇ?” ಎಂದರು. ಎರಡು ವರ್ಷದಲ್ಲಿ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. “ನನಗೂ ಹಾಗೇ. ನಮ್ಮಲ್ಲಿ ಬಂದ ಯಂತ್ರಕ್ಕೆ ಬೇರೆ ಹೆಸರಿತ್ತು, ಮಾಡೋದು ಇದನ್ನೇ. ಪ್ರಾಜೆಕ್ಟ್ ಮುಚ್ಚಲಿಲ್ಲ. ಇನ್ನೂ ನಡೀತಾನೇ ಇದೆ. ನನ್ನನ್ನ ತೆಗೆದ್ರು ಅಷ್ಟೇ.”

ನನಗೆ ಬಂದ ಸಿಟ್ಟು ಯಾವ ಜನ್ಮದಲ್ಲೂ ಬಂದಿರಲಿಲ್ಲ. ಮಡಚಿಟ್ಟ ಬಟ್ಟೆಯ ರಾಶಿಯನ್ನು ಕಾಲಿನಿಂದ ಒದ್ದೆ. “ಗೊತ್ತಿತ್ತಾ ನಿಮಗೆ? ನಾನು ಐಸ್‌ಕ್ರೀಮ್ ತಂದ ದಿನಾನೇ ಗೊತ್ತಾಯ್ತಾ? ಜೋಪಾನ ಅಂದ್ರಲ್ಲ, ಜೋಪಾನ ಅಂದ್ರೆ ನಾನೇನು ತಿಳ್ಕೊಳ್ಳಲಿ ನಿಮ್ಮ ತಲೆ! ಬಿಡಿಸಿ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ಹೇಗೆ ಹೇಳ್ಲಿ?” ಅವರು ಈಗ ನನ್ನ ಕಡೆ ನೋಡಿದರು. “ಕಂಡಕಂಡವರ ಹತ್ತಿರ ನನ್ನ ಗಂಡ ಒಂದು ತಪ್ಪೂ ಮಾಡಿದವರಲ್ಲ ಅಂತ ಹೇಳ್ಕೊಂಡು ತಿರುಗಿದೆ. ನಾನು ಕಳ್ಳ ಕಣೇ, ಕಳ್ಳರನ್ನ ಹಿಡಿಯೋ ಕೆಲಸದಲ್ಲೇ ಕಳ್ಳತನ ಮಾಡಿದವನು ಅಂತ ನಿನ್ನ ಮುಂದೆ ಹೇಳೋಕೆ ನಾಲಿಗೆ ಏಳಲಿಲ್ಲ. ನೀನೊಬ್ಬಳಾದ್ರೂ ನಂಬಿದ್ದೆಯಲ್ಲ. ಅದೊಂದನ್ನ ಹಿಡ್ಕೊಂಡು ಬದುಕಿದ್ದೆ.”

ನಾನು ಅಳುತ್ತಾ ಮತ್ತೆ ಮಂಚದ ಮೇಲೆ ಕುಸಿದೆ. ಅವರು ಎದ್ದು ಬರಲಿಲ್ಲ, ಚೆಲ್ಲಾಪಿಲ್ಲಿಯಾದ ಬಟ್ಟೆಗಳ ನಡುವೆಯೇ ಕೂತಿದ್ದರು. ಒಂದು ಟವೆಲನ್ನು ಎತ್ತಿ ಮತ್ತೆ ಮಡಚುತ್ತಾ ಮೆಲ್ಲಗೆ ಕೇಳಿದರು.

“ಹೇಳಿದ್ರೆ ನೀನು ಮಾಡ್ತಿರಲಿಲ್ವಾ?”

ಖಂಡಿತ ಮಾಡುತ್ತಿರಲಿಲ್ಲ ಎನ್ನಬೇಕೆಂದಿದ್ದೆ. ಆದರೆ ಆಸ್ಪತ್ರೆಯ ಕಿಟಕಿ ಕಣ್ಣ ಮುಂದೆ ಬಂತು. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು ನನಗೆ.

“ಮಾಡ್ತಿದ್ದೆ,” ಅಂದೆ. “ಆದ್ರೆ ಐದು ಮಾಡ್ತಿರಲಿಲ್ಲ. ಎರಡೇ ಎರಡು ಮಾಡ್ತಿದ್ದೆ. ಎರಡಾಗಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ನನ್ನ ಕಣ್ಣೂ ಹೋಗ್ತಿರಲಿಲ್ಲ.”

ಅವರು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಬರೀ ಕನಿಕರವಿತ್ತು.

“ನಾನೂ ಎರಡರಿಂದಲೇ ಶುರು ಮಾಡಿದ್ದು,” ಎಂದರು.